ವಾಲಗದವರಿಗೆ ಕೊಟ್ಟ ಕವರು

1994ರ ಮೇ 15, ಭಾನುವಾರ. ವೈಶಾಖ ಶುದ್ಧ ಪಂಚಮಿ. ತಂಗಿಯ ಲಗ್ನಪತ್ರಿಕೆಯಲ್ಲಿದ್ದ ಈ ದಿನಾಂಕವನ್ನು ಆ ವರ್ಷದ ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಮದುವೆ ನಡೆದದ್ದು ಶ್ರೀರಂಗಪಟ್ಟಣದ ಒಂದು ಛತ್ರದಲ್ಲಿ, ಗಂಡಿನವರು ಕೆ.ಆರ್. ಪೇಟೆಯವರು.

ಅಪ್ಪ ತೀರಿಕೊಂಡಿದ್ದರಿಂದ ಖರ್ಚಿನ ಹೊಣೆ ನನ್ನದು. ಅಡುಗೆಯವರು, ಹೂವಿನವರು, ಶಾಮಿಯಾನದವರು, ವಾಲಗದವರು ಇವರಿಗೆಲ್ಲ ಗೊತ್ತುಮಾಡಿದ ಕೂಲಿಯ ಮೇಲೆ ಭಕ್ಷೀಸು ಕೊಡಲೆಂದು ಐನೂರು ರೂಪಾಯಿ ತೆಗೆದಿಟ್ಟಿದ್ದೆ. ನೆಂಟರ ಮದುವೆಗಳಲ್ಲಿ ಕೊನೆಗಳಿಗೆಯ ಚೌಕಾಸಿಯನ್ನು ಕಂಡು ನಾಚಿದ್ದೆನಾದ್ದರಿಂದ, ಅವರವರ ಪಾಲನ್ನು ಮೊದಲೇ ಕವರುಗಳಿಗೆ ಹಾಕಿ ಹೆಸರು ಬರೆದಿದ್ದೆ. ಅದೇ ಮರ್ಯಾದೆ ಎಂದು ನಂಬಿದ್ದೆ.

ವಾಲಗದ ಹಿರಿಯರು ಬಿಂಡಿಗನವಿಲೆಯವರು. ಅಮ್ಮನ ಮದುವೆಯಲ್ಲಿ ಊದಿದವರೂ ಅವರೇ. ಮಗಳನ್ನು ಒಪ್ಪಿಸಿಕೊಡುವಾಗ ಅವರದೇ ವಾಲಗವಿರಬೇಕೆಂಬುದೊಂದೇ ಆ ಮದುವೆಯಲ್ಲಿ ಅಮ್ಮ ಬಾಯಿಬಿಟ್ಟು ಕೇಳಿದ್ದು.

ಆಮೇಲಿನ ಗದ್ದಲದಲ್ಲಿ ಮರೆತೇನೆಂಬ ಭಯದಿಂದ, ಊಟ ಮುಗಿಸಿ ಕೈ ತೊಳೆಯುತ್ತಿದ್ದ ಹಿರಿಯರಿಗೆ ಅಲ್ಲಿಯೇ ಕವರು ನೀಡಿದೆ. ಅವರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು.

"ಈಗ್ಲೇನಾ ಸಾಮಿ?"

"ಈಗಲೇ ತಗೊಳ್ಳಿ. ಒಂದು ಕೆಲಸ ಮುಗೀತು."

ಅವರು ಕವರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರನಡೆದರು. ಸ್ವಲ್ಪ ಹೊತ್ತಿನಲ್ಲೇ ಪಾಂಡವಪುರದ ಸೋದರಮಾವ ಕೂಗಿಕೊಂಡು ಬಂದರು. "ವಾಲಗದೋರು ಡೋಲು ಕಟ್ಕಂಡು ಒಂಟೋದ್ರಂತಲ್ಲಾ, ಏನ್ಲಾ ಮಾಡ್ದೆ?"

ಕವರಿನ ವಿಷಯ ಹೇಳಿದೆ.

"ತಟ್ಟೆ ಇಲ್ಲ, ಎಲೆ ಅಡ್ಕೆ ಇಲ್ಲ, ಎಣ್ಣು ಒಪ್ಸೋಕ್ ಮುಂಚೆ ಕೈಗೆ ದುಡ್ಡು ಕೊಟ್ಬುಟ್ಯಾ? ಎದ್ದೋಗಿ ಅಂದಂಗೆ ಕಣ್ಲಾ ಅದು! ಇಷ್ಟು ಓದಿ ಏನ್ ಕಲ್ತೆ ಬುಡು."

ಬಸ್ ನಿಲ್ದಾಣಕ್ಕೆ ಓಡಿದೆ. ಅವರೂರಿನ ಕಡೆಗೆ ಹೋಗುವ ನಾಗಮಂಗಲದ ಬಸ್ಸು ಹೊರಟುಹೋಗಿತ್ತು. ತಂಗಿ ಕಾರು ಹತ್ತಿದಾಗ ಕೇಳಿಸಿದ್ದು ಹೆಂಗಸರ ಬಿಕ್ಕು, ಹೆದ್ದಾರಿಯ ಲಾರಿಗಳ ಸದ್ದು, ಅಷ್ಟೇ. "ನನ್ನ ಕಳ್ಸುವಾಗ ಊರ್ಗೆಲ್ಲಾ ಕೇಳ್ಸಿತ್ತು ಕಣಪ್ಪ" ಎಂದರು ಅಮ್ಮ. ಬೈದಿದ್ದರೆ ಹಗುರವಾಗುತ್ತಿತ್ತು.

ಮರುತಿಂಗಳು ನಾನು ಬಿಂಡಿಗನವಿಲೆಗೆ ಹೋದೆ. ಹಿರಿಯರ ಮನೆಯ ಜಗಲಿಯಲ್ಲಿ ಕುಳಿತು ತಪ್ಪೊಪ್ಪಿಕೊಂಡೆ. "ಅದ್ಯಾಕ್ ಅಂಗೆ ಮನ್ಸಿಗೆ ಅಚ್ಕೊಂಡಿದ್ದೀರಿ, ಬುಡಿ ಸಾಮಿ" ಎಂದು ಅವರು ನಕ್ಕರು. ಆ ನಗುವನ್ನು ನಾನು ಅಮ್ಮನಿಗೆ ವರ್ಣಿಸಿದೆ. ಅವರು ಅದನ್ನು ನಂಬಿಕೊಂಡೇ ಕಣ್ಣುಮುಚ್ಚಿದರು. ನಾನೂ ನಂಬಿದ್ದೆ.

ಈ ಟಿಪ್ಪಣಿಗಾಗಿ ಆ ವರ್ಷದ ದಿನಚರಿಯನ್ನು ತೆಗೆದೆ. ಜೂನ್ 19ರ ಪುಟದಲ್ಲಿ ನನ್ನದೇ ಅಕ್ಷರದ ಒಂದು ಸಾಲಿದೆ: "ಬಿಂಡಿಗನವಿಲೆಗೆ ಹೋಗಿ ಬಂದೆ." ಅದೇ ಪುಟದೊಳಗೆ ನಾಲ್ಕು ಮಡಿಕೆಯ ಒಂದು ತಿಥಿ ಕಾರ್ಡು. ಮೇಲಿನ ಭಾವಚಿತ್ರ ವಾಲಗದ ಹಿರಿಯರದು. ಹನ್ನೊಂದನೆಯ ದಿನದ ಕಾರ್ಯ 1994ರ ಜೂನ್ 9, ಗುರುವಾರ ಎಂದು ಅದರಲ್ಲಿ ಅಚ್ಚಾಗಿದೆ. ನಾನು ಬಿಂಡಿಗನವಿಲೆಗೆ ಹೋದದ್ದು ಅದಾದ ಹತ್ತು ದಿನಕ್ಕೆ.