ಬೋಗುಣಿ ಹೊತ್ತು ಮರ ಕೊಯ್ದ ದಿನ

ಮರ ಕೊಯ್ಯುವ ಮಿಷನ್ನನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ನನ್ನ ಮೈಮೇಲೆ ಇದ್ದದ್ದು ಒಂದು ಬನೀನು, ಒಂದು ಪಂಚೆ. ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನಿಸುತ್ತದೆ. ಆದರೆ ಆಗ ನನಗೆ ಇಪ್ಪತ್ಮೂರು. ಆ ವಯಸ್ಸಿನಲ್ಲಿ ಬುದ್ಧಿ ಹೇಳುವವರೆಲ್ಲ ಶತ್ರುಗಳು.

ಅರವತ್ತರ ದಶಕದ ಮಾತು ಇದು. ಶರಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹೊಸನಗರದ ಕಡೆಯ ನಮ್ಮೂರು ನೀರಿನಡಿಗೆ ಹೋಗಿತ್ತು. ನಾನೂ ಅಕ್ಕನೂ ಸಾಗರದಿಂದ ಕೆಳದಿಗೆ ಹೋಗುವ ದಾರಿಯ ಪಕ್ಕ ಮನೆ ಕಟ್ಟಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ನಾವಿಬ್ಬರೇ. ಅಪ್ಪ ಅಮ್ಮ ನಾನು ಚಿಕ್ಕವನಿದ್ದಾಗಲೇ ಹೋಗಿದ್ದರು. ಭಾವ ಕಾಡಿನ ಗಾರ್ಡು ಆಗಿದ್ದರು. ಮುಳುಗಡೆ ಕಾಡು ಕಡಿಯುವಾಗ ಮೇಲೆ ಸಿಕ್ಕಿಕೊಂಡಿದ್ದ ಒಂದು ಮುರುಕು ಕೊಂಬೆ ತಲೆಯ ಮೇಲೆ ಬಿದ್ದು ತೀರಿಕೊಂಡರು. ಅವರ ಖಾಕಿ ಪ್ಯಾಂಟು, ಬೂಟುಗಳನ್ನು ಅಕ್ಕ ಟ್ರಂಕಿನಲ್ಲಿಟ್ಟು ಬೀಗ ಹಾಕಿದವಳು ಮತ್ತೆ ತೆಗೆದಿರಲಿಲ್ಲ. ಹಾಗಂತ ಮೂಲೆ ಹಿಡಿದು ಕೂತವಳೂ ಅಲ್ಲ. ಬಾಯಿ ಬಿಟ್ಟರೆ ಆಚೆ ಕೇರಿಯ ನಾಯಿಯೂ ಬಾಲ ಮುದುರಬೇಕು. ನಾನಂತೂ ದಿನಾ ಬೈಸಿಕೊಂಡೇ ಊಟ ಮಾಡುತ್ತಿದ್ದೆ.

ಆ ವರ್ಷ ಮಳೆಗಾಲಕ್ಕೆ ಮುಂಚೆ ಬೀಸಿದ ಗಾಳಿಗೆ ಹಿತ್ತಲಿನ ಕಾಟುಮಾವಿನ ಮರ ಬುಡಸಮೇತ ಉರುಳಿತು. ಬಿದ್ದದ್ದು ಬಿತ್ತು, ನೇರ ಬಾವಿಕಟ್ಟೆಯ ಮೇಲೇ ಬೀಳಬೇಕೆ! ರಾಟೆ ಪುಡಿಯಾಯಿತು. ಬಾವಿಗೆ ಕೊಡ ಇಳಿಸುವುದು ಹಾಗಿರಲಿ, ಇಣುಕಲೂ ಜಾಗವಿಲ್ಲ. ಕೈಗರಗಸದವರೆಲ್ಲ ದೂರದ ಕಾಡಿನ ಕೂಪಿಗೆ ಮರ ಕೊಯ್ಯಲು ಹೋಗಿದ್ದರು. ಅಕ್ಕ ಒಂದು ವಾರ ಹಳ್ಳದಿಂದ ನೀರು ಹೊತ್ತಳು. ಎಂಟನೆಯ ದಿನ ಕೊಡವನ್ನು ನನ್ನ ಎದುರಿಗೆ ಕುಕ್ಕಿ, "ಗಂಡಸು ಅಂತ ಒಬ್ಬ ಇದಾನೆ ಈ ಮನೇಲಿ. ತಿನ್ನೋಕೆ" ಅಂದಳು.

ನನಗೆ ರೋಷ ಬಂತು. ತೀರ್ಥಹಳ್ಳಿ ಕಡೆಯ ಅರಳಸುರಳಿಯ ನನ್ನ ಗೆಳೆಯನೊಬ್ಬ ಮುಳುಗಡೆ ಕಾಡಿನ ಕೆಲಸದಲ್ಲಿ ಮಿಷನ್ ಗರಗಸ ಹಿಡಿಯಲು ಕಲಿತಿದ್ದ. ಕಂಟ್ರಾಕ್ಟರನ ಹಳೆಯ ಮಿಷನ್ನೊಂದು ಅವನ ಬಳಿಯೇ ಉಳಿದಿತ್ತು. ಹೇಳಿ ಕಳಿಸಿದೆ. ಮೂರನೆಯ ದಿನ ಬೆಳಿಗ್ಗೆ, ಗೋಣಿಚೀಲದಲ್ಲಿ ಸುತ್ತಿದ ಮಿಷನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಬಸ್ಸಿಳಿದು ಬಂದ.

ಆಸಾಮಿ ಬಾಯಲ್ಲಿ ಬೀಡಿ ಇಟ್ಟುಕೊಂಡೇ ಮಿಷನ್ನಿಗೆ ಪೆಟ್ರೋಲು ಹುಯ್ಯಲು ಹೊರಟ. ಅಕ್ಕ ಬಂದವಳೇ ಬೀಡಿ ಕಿತ್ತು ದನದ ಬಾನಿಯ ನೀರಿಗೆ ಎಸೆದಳು.

"ಮನೆಗೆ ಹುಲ್ಲಿನ ಮಾಡು ಐತೆ. ಕಣ್ಣು ಕಾಣಲ್ವಾ?"

"ಎಂತ ಅಕ್ಕಾ, ಇಷ್ಟಕ್ಕೆಲ್ಲ ಬೈತ್ರಲ್ಲ" ಅಂದ ಗೆಳೆಯ, ನಗುತ್ತ.

ಮಿಷನ್ನನ್ನು ನೆಲಕ್ಕೆ ಒತ್ತಿ ಹಿಡಿದು ಹಗ್ಗ ಎಳೆದ. ನಾಲ್ಕನೆಯ ಎಳೆತಕ್ಕೆ ಅದು ಗರ್ರೆಂದು ಕೂಗಿದ್ದೇ ತಡ, ಕೋಳಿಗಳು ಮಾಡು ಹತ್ತಿದವು, ಕೊಟ್ಟಿಗೆಯ ಕರು ಹಗ್ಗ ಕಿತ್ತುಕೊಂಡಿತು. ಸೌತೆಕಾಯಿ ಹೆಚ್ಚಿದ ಹಾಗೆ ಎರಡು ಕೊಂಬೆಗಳನ್ನು ಅವನು ತುಂಡು ಮಾಡಿದ. ನನ್ನ ಕೈ ತುರಿಸತೊಡಗಿತು.

"ನಂಗೂ ಕೊಡು ಮಾರಾಯ!"

ನಮ್ಮ ಕಡೆ ಒಂದು ಪದ್ಧತಿ ಇದೆ. ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು. ಕೊಡುವವರು ನೆಲದ ಮೇಲೆ ಇಡಬೇಕು, ಬೇಕಾದವರು ಅಲ್ಲಿಂದ ಎತ್ತಿಕೊಳ್ಳಬೇಕು. ಕೈಗೇ ಕೊಟ್ಟರೆ ಜಗಳವಾಗುತ್ತದಂತೆ. ಹುಟ್ಟಿದಾಗಿನಿಂದ ನಾನು ಹಾಗೇ ಮಾಡಿದವನು. ಆದರೆ ಅವತ್ತು ಎದುರಿಗಿದ್ದದ್ದು ಪೆಟ್ರೋಲು ಕುಡಿಯುವ ಮಿಷನ್ನು, ಅದಕ್ಕೆಲ್ಲಿಯ ಅಜ್ಜಿ ಕಾಲದ ಶಾಸ್ತ್ರ!

"ನೆಲಕ್ಕೆ ಇಡ್ರೋ! ಇಟ್ಟು ತಗೊಳ್ರೋ!" ಅಕ್ಕ ಕೂಗುತ್ತಿದ್ದಳು.

ಯಾರು ಕೇಳುತ್ತಾರೆ? ಓಡುತ್ತಿದ್ದ ಮಿಷನ್ನನ್ನು ಗೆಳೆಯ ಹಾಗೇ ಚಾಚಿದ, ನಾನು ಹಾಗೇ ಕೈ ನೀಡಿದೆ. ತುಂಬಿದ ಕೊಡದಷ್ಟು ಭಾರ! ನಾನು ಹಿಡಿದೆನೆಂದು ಅವನು ಬಿಟ್ಟ, ಅವನಿನ್ನೂ ಹಿಡಿದಿದ್ದಾನೆಂದು ನಾನು ಸಡಿಲ ಮಾಡಿದೆ. ಮಿಷನ್ನಿನ ಮೂತಿ ಕೆಳಗೆ ಜಗ್ಗಿತು. ಎತ್ತಿ ಕಟ್ಟಿದ್ದ ಪಂಚೆಯ ತುದಿ ಚೈನಿಗೆ ಸಿಕ್ಕಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಪಂಚೆಯನ್ನೆಲ್ಲ ನುಂಗಿ, ಉಸಿರು ಕಟ್ಟಿ, ಮಿಷನ್ನು ನಿಂತುಹೋಯಿತು.

ನಾನು ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತಿದ್ದೆ. ತೊಡೆಯ ಮೇಲೆ ಬೆರಳುದ್ದದ ಗೀರು, ಅಷ್ಟೇ. ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ಇಂಗು ತಿಂದ ಮಂಗನ ಹಾಗೆ ಹಲ್ಲು ಕಿರಿದೆ.

ಅಕ್ಕ ನಗಲಿಲ್ಲ, ಬೈಯಲೂ ಇಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಮುಖದಲ್ಲಿ ರಕ್ತವಿರಲಿಲ್ಲ. ನನ್ನ ಹಲ್ಲು ತಾನಾಗಿ ಮುಚ್ಚಿಕೊಂಡಿತು. ಭಾವನ ಸುದ್ದಿ ಬಂದ ದಿನವೂ ಹೀಗೇ ಕೂತಿದ್ದಳು. ಅವಳಿಗೆ ಉಳಿದವನು ನಾನೊಬ್ಬನೇ ಎಂಬುದು ಆವರೆಗೆ ನನ್ನ ಮಂಡೆಗೆ ಹೊಕ್ಕಿರಲಿಲ್ಲ. ನಿಜ ಹೇಳುತ್ತೇನೆ, ನಾಚಿಕೆಯಿಂದ ಸತ್ತುಹೋದೆ.

"ಬೇಡ ಬಿಡಕ್ಕ. ಇವ್ನನ್ನ ವಾಪಸ್ ಕಳಿಸ್ತೀನಿ" ಅಂದೆ.

ಅವಳು ಎದ್ದು ಒಳಗೆ ಹೋದಳು. ಪೊರಕೆ ತರುತ್ತಾಳೆ ಅಂದುಕೊಂಡೆ. ಟ್ರಂಕಿನ ಬೀಗ ತೆಗೆದ ಸದ್ದು ಕೇಳಿತು. ಭಾವನ ಖಾಕಿ ಪ್ಯಾಂಟು, ಬೂಟುಗಳನ್ನು ತಂದು ನನ್ನ ಮುಂದೆ ಹಾಕಿದಳು. "ಹಾಕ್ಕೊ. ನೀರಿಲ್ದೆ ಎಷ್ಟ್ ದಿನ ಇರಾದು? ಕೊಯ್ಯೋದೇ ಆದ್ರೆ ನೆಟ್ಟಗೆ ಕೊಯ್ಯಿ."

ಬೂಟು ದೊಡ್ಡದಾಯಿತು, ಹಳೆಯ ಬಟ್ಟೆ ತುರುಕಿದೆವು. ಆಮೇಲೆ ಶುರುವಾಯಿತು ನೋಡಿ ಅಕ್ಕನ ಪಾಠ. ಮಿಷನ್ನನ್ನು ಜನ್ಮದಲ್ಲಿ ಮುಟ್ಟದವಳು ಇಬ್ಬರು ಗಂಡಸರನ್ನು ನಿಲ್ಲಿಸಿ ಹೇಳಿದಳು. "ಮೊದ್ಲು ಅದರ ಬಾಯಿ ಮುಚ್ಚಿಸಿ. ಚೈನು ನಿಂತ ಮೇಲೆ ನೆಲಕ್ಕಿಡಿ. ಇಟ್ಟೋನು ಹಿಂದೆ ಸರೀಬೇಕು. ಆಮೇಲೆ ಇನ್ನೊಬ್ಬ ಎತ್ಕಳಿ."

ಗೆಳೆಯ ತಲೆ ಕೆರೆದುಕೊಂಡ. "ಹೌದು ಮಾರಾಯ. ನಂಗೆ ಕಲ್ಸಿದ ಆಪರೇಟರೂ ಇದ್ನೇ ಹೇಳಿದ್ದ. ನಾನೇ ಮರ್ತಿದ್ದೆ." ಆಮೇಲೆ ಅವನೂ ಗಂಭೀರವಾಗಿ ಕಲಿಸಿದ. ಮೂತಿಯ ತುದಿ ಮರಕ್ಕೆ ತಾಗಿದರೆ ಮಿಷನ್ನು ಮುಖಕ್ಕೇ ಹಾರುತ್ತದೆ, ಅದರ ನೇರಕ್ಕೆ ನಿಲ್ಲಬಾರದು. ಎರಡೂ ಕೈಯಲ್ಲೇ ಹಿಡಿದಿರಬೇಕು. ಹೆಗಲಿಗಿಂತ ಮೇಲೆ ಎತ್ತಬಾರದು.

ನೆಲಕ್ಕೆ ಒತ್ತಿಕೊಂಡು ಬಿಲ್ಲಿನಂತೆ ಬಾಗಿದ್ದ ಕೊಂಬೆಯ ಕಡೆ ನಾನು ಹೊರಟಾಗ ಅಕ್ಕ ಮತ್ತೆ ತಡೆದಳು. "ಬಗ್ಗಿಸಿದ ಬಿದಿರು ಬಿಟ್ರೆ ಏನ್ ಮಾಡ್ತದೆ? ಹಲ್ಲು ಉದುರ್ತದೆ. ಅದು ಚಿಮ್ಮೋ ಕಡೆ ಬಿಟ್ಟು ಈ ಕಡೆ ನಿಂತ್ಕೊಂಡು ಸ್ವಲ್ಪ ಸ್ವಲ್ಪನೇ ಕೊಯ್ಯಿ."

ಇಷ್ಟಾದ ಮೇಲೆ ಅವಳ ಕಣ್ಣು ಮೇಲೆ ಹೋಯಿತು. ಮಾವು ಬೀಳುವಾಗ ಪಕ್ಕದ ನೇರಳೆ ಮರಕ್ಕೆ ಉಜ್ಜಿಕೊಂಡು ಬಿದ್ದಿತ್ತು. ಅಲ್ಲೊಂದು ಮುರಿದ ಕೊಂಬೆ ಎಲೆಗಳ ನಡುವೆ ಸಿಕ್ಕಿಕೊಂಡಿತ್ತು. ಗೆಳೆಯ ಕೊಕ್ಕೆ ಕಟ್ಟಿದ ದೋಟಿಯಲ್ಲಿ ಜಗ್ಗಿದ, ಹಗ್ಗ ಎಸೆದು ಎಳೆದ. ಅಲುಗಲಿಲ್ಲ. "ಬೀಳಲ್ಲ ಅಕ್ಕಾ, ಗಟ್ಟಿ ಕೂತದೆ" ಅಂದ.

ಅಕ್ಕ ನೆಟ್ಟಗೆ ಒಳಗೆ ನಡೆದಳು. ಅಡುಗೆಮನೆಯಿಂದ ಅನ್ನ ಮಾಡುವ ಹಿತ್ತಾಳೆ ಬೋಗುಣಿ ತಂದಳು. ಒಳಗೆ ಟವೆಲ್ಲು ಮಡಚಿಟ್ಟು ನನ್ನ ತಲೆಯ ಮೇಲೆ ಕವುಚಿ, ಹಳೆಯ ಸೀರೆಯ ಚೂರಿನಿಂದ ಗದ್ದದ ಕೆಳಗೆ ಬಿಗಿದಳು.

"ಅಕ್ಕಾ! ದಾರೀಲಿ ಹೋಗೋರು ನಗ್ತಾರೆ!"

"ನಗ್ಲಿ. ಅತ್ತು ಸಾಕಾಗೈತೆ ನಂಗೆ."

ಬೋಗುಣಿ ಹೊತ್ತು, ಭಾವನ ಬೂಟು ಹಾಕಿಕೊಂಡು ಕೊಯ್ಯಲು ನಿಂತೆ. ಕೆಳದಿಗೆ ಹೊರಟ ಗಾಡಿಯವನೊಬ್ಬ ಎತ್ತು ನಿಲ್ಲಿಸಿ, "ಯಾವ ಮೇಳದ ವೇಷನೋ ಇದು?" ಅಂತ ಕೂಗಿದ. ನನ್ನ ಗೆಳೆಯನ ನಗು ನಿಲ್ಲಲು ಎಷ್ಟೋ ಹೊತ್ತು ಬೇಕಾಯಿತು. ನಾನು ಹಲ್ಲು ಕಚ್ಚಿಕೊಂಡು ಕೊಯ್ದೆ. ನಾನು ದಣಿದಾಗ ಅವನು, ಅವನು ದಣಿದಾಗ ನಾನು. ಪ್ರತಿ ಸಲವೂ ಮಿಷನ್ನು ನಿಲ್ಲಿಸಿ, ನೆಲಕ್ಕಿಟ್ಟು, ಹಿಂದೆ ಸರಿದು. ಬೋಗುಣಿಯನ್ನೂ ಅಕ್ಕ ಅವನ ತಲೆಗೆ ಬದಲಿಸುತ್ತಿದ್ದಳು. ಆಗ ನಗುವ ಸರದಿ ನನ್ನದು!

ಮಧ್ಯಾಹ್ನದ ಹೊತ್ತಿಗೆ ಬಾವಿಕಟ್ಟೆಯ ಮೇಲಿದ್ದ ಕೊನೆಯ ದಿಂಡು ನನ್ನ ಸರದಿಗೆ ಬಂತು. ಅದು ದಬಕ್ಕನೆ ನೆಲಕ್ಕೆ ಬಿದ್ದಾಗ ನೆಲವೇ ಅದುರಿತು. ಮಿಷನ್ನು ನಿಲ್ಲಿಸಿ ಕೆಳಗಿಟ್ಟು ಇನ್ನೇನು ಬೆನ್ನು ನೆಟ್ಟಗೆ ಮಾಡಬೇಕು, ನೇರಳೆ ಮರದಲ್ಲಿ ಬರ್ರೆಂದು ಸದ್ದಾಯಿತು. ಆಮೇಲೆ ತಲೆಯ ಮೇಲೆ 'ಠಣ್' ಎಂದದ್ದಷ್ಟೇ ಗೊತ್ತು. ಕೂತುಬಿಟ್ಟಿದ್ದೆ. ಪಕ್ಕದಲ್ಲಿ ತೋಳು ಗಾತ್ರದ ಕೊಂಬೆ ಬಿದ್ದಿತ್ತು.

ಅಕ್ಕ ಹೇಗೆ ಓಡಿ ಬಂದಳೋ! ಗಂಟು ಬಿಚ್ಚಿ, ಬೋಗುಣಿ ತೆಗೆದು, ನನ್ನ ತಲೆಯನ್ನೆಲ್ಲ ಹತ್ತು ಬೆರಳಲ್ಲಿ ತಡವಿ ನೋಡಿದಳು. ಒಂದು ಹನಿ ರಕ್ತವಿಲ್ಲ. ಬೋಗುಣಿಯ ತಳದಲ್ಲಿ ಮಾತ್ರ ಮುಷ್ಟಿ ಹಿಡಿಸುವಷ್ಟು ತಗ್ಗು ಬಿದ್ದಿತ್ತು. ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಆವತ್ತು ಆ ಕಾಡಲ್ಲಿ ಇಂಥದ್ದೊಂದು ಬೋಗುಣಿ ಇರ್ಲಿಲ್ವಲ್ಲೋ ತಮ್ಮಾ" ಅಂದಳು. ಅಷ್ಟು ಹೇಳಿ ಗೊಳೋ ಎಂದು ಅತ್ತಳು. ಅಳುತ್ತ ಅಳುತ್ತಲೇ ನನ್ನ ಪಟ್ಟಾಪಟ್ಟಿ ಚಡ್ಡಿಯ ಅವತಾರ ನೆನೆಸಿಕೊಂಡು ನಗಲೂ ಶುರು ಮಾಡಿದಳು. ನಾವು ಮೂವರೂ ಬಾವಿಕಟ್ಟೆಗೆ ಒರಗಿ ಕೂತು ನಕ್ಕೆವು, ಕಣ್ಣು ಒರೆಸಿಕೊಂಡೆವು. ಆಮೇಲೆ ಅವಳು ರಾಟೆಯಿಲ್ಲದೆ ಬರಿ ಹಗ್ಗದಲ್ಲೇ ಬಾವಿಯಿಂದ ಮೊದಲ ಕೊಡ ನೀರು ಸೇದಿ, ಅದೇ ಬೋಗುಣಿ ತೊಳೆದು, ಅದರಲ್ಲೇ ಅನ್ನಕ್ಕಿಟ್ಟಳು.

ವರ್ಷಕ್ಕೊಮ್ಮೆ ಕಲಾಯಿಯವನು ಬಂದು ಪಾತ್ರೆಗಳನ್ನೆಲ್ಲ ಅಂಗಳದಲ್ಲಿ ಹರಡಿಕೊಂಡು ಕೂತಾಗ, ಆ ಬೋಗುಣಿ ಕೈಗೆತ್ತಿಕೊಂಡು, "ಅಮ್ಮಾ, ಈ ತಗ್ಗು ಬಡಿದು ನೆಟ್ಟಗೆ ಮಾಡ್ಲಾ?" ಅಂತ ಪ್ರತಿ ಸಲ ಕೇಳುತ್ತಿದ್ದ. ಅಕ್ಕನ ಉತ್ತರ ಒಂದೇ.

"ಮುಟ್ಬೇಡ. ಅದು ನನ್ ತಮ್ಮನ ತಲೆ."