ಗುಡಿ ಜಗಲಿಯ ಸಭೆ

ಮಿಡಿಗೇಶಿ ಕಡೆಯ ಒಂದು ಪಂಚಾಯಿತಿಗೆ, ಸದಸ್ಯರಿಗೆ ತರಬೇತಿ ಕೊಡಲು ಹೋಗಿದ್ದೆ. ಕಚೇರಿಗೆ ಬೀಗ ಹಾಕಿ, ಗುಡಿಯ ಜಗಲಿ ಮೇಲೆ ಸಭೆ ಸೇರಿದ್ದರು.

"ಒಳಗೆ ಸೆಕೆ ಸಾರ್, ಇಲ್ಲಿ ತಂಪಾಗೈತೆ" ಎಂದರು ಉಪಾಧ್ಯಕ್ಷರು.

ಮೀಸಲಾತಿಯಲ್ಲಿ ಅಧ್ಯಕ್ಷೆಯಾದ ದಲಿತ ಹೆಣ್ಣುಮಗಳು ಬೀದಿಯ ಬಿಸಿಲಲ್ಲಿ ನಿಂತಿದ್ದರು.

"ಮೇಲೆ ಬನ್ನಿ ಅಮ್ಮಾ" ಎಂದೆ.

"ನಮ್ಮೋರು ಈ ಜಗಲಿ ಹತ್ತಂಗಿಲ್ಲ ಸಾರ್. ನಾನು ಗೆದ್ದ ಮ್ಯಾಲೇ ಸಭೆ ಇಲ್ಲಿಗೆ ಬಂದಿದ್ದು" ಎಂದರು ಆಕೆ.

ಹೊಸ ಕೊಳವೆಬಾವಿ ಆಕೆಯ ಕೇರಿಗಲ್ಲ, ಉಪಾಧ್ಯಕ್ಷರ ಬೀದಿಗೆ ಎಂದು ಜಗಲಿಯಲ್ಲೇ ತೀರ್ಮಾನವಾಯಿತು. ಆಮೇಲೆ ಫೋಟೋಗೆಂದು ಎಲ್ಲರೂ ಕೆಳಗಿಳಿದು, ಆಕೆಯನ್ನು ನಡುವೆ ನಿಲ್ಲಿಸಿಕೊಂಡರು.

ಆ ಫೋಟೋ ಈಗ ನಮ್ಮ ಕಚೇರಿಯ ಗೋಡೆಯಲ್ಲಿದೆ. ನೋಡಿದಾಗಲೆಲ್ಲ ನಮ್ಮ ಸಾಹೇಬರು ಕೇಳುತ್ತಾರೆ: "ಎಲ್ಲರೂ ನಗ್ತಿದ್ದಾರೆ, ಈಯಮ್ಮನಿಗೇನ್ರೀ ಧಾಡಿ?"