ತೊಳೆಯದ ಚಿನ್ನದ ಹಾಳೆ

ಲ್ಯಾಬಿನಲ್ಲಿ ಅವಳಿಗೆ ‘ಬಟ್ಟೆ ಮೇಡಂ’ ಎಂದು ಯಾರು ಹೆಸರಿಟ್ಟರೋ ಗೊತ್ತಿಲ್ಲ, ಹೆಸರು ಮಾತ್ರ ಹೇಳಿ ಮಾಡಿಸಿದಂತಿತ್ತು. ಕೈಯಲ್ಲಿ ಬಿಳಿ ಬಟ್ಟೆಯೊಂದಿಲ್ಲದೆ ಅವಳನ್ನು ಕಂಡವರೇ ಇಲ್ಲ. ಚಿಕ್ಕಂದಿನಲ್ಲಿ ಅಪ್ಪನ ಕನ್ನಡಕ ಒರೆಸಿಕೊಡುತ್ತಿದ್ದಳು. ದೊಡ್ಡವಳಾಗಿ ಲೇಸರಿನ ಕನ್ನಡಿಗಳನ್ನು ಒರೆಸಿದಳು. ಗಂಡ ಶಾಲೆಯ ಮೇಷ್ಟ್ರು, ಮೇಜಿನ ತುಂಬ ಕಾಗದ ಹರಡಿಕೊಂಡು ಕೂರುವ ಪ್ರಾಣಿ. “ಮೇಜು ಒರೆಸು, ಬೇಡ ಅನ್ನಲ್ಲ. ನನ್ನನ್ನೂ ಒರೆಸಿ ಹಾಕ್ಬೇಡ ತಾಯಿ” ಎಂದು ಕೈ ಮುಗಿಯುತ್ತಿದ್ದ.

ಅವಳ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಸಾಕುಬೇಕಾಗುವಂಥದ್ದು. ಕೂದಲಿಗಿಂತ ತೆಳುವಾದ ಚಿನ್ನದ ಹಾಳೆಗೆ ಲೇಸರ್ ಬೆಳಕನ್ನು ಸಾಸಿವೆಗಿಂತ ಸಣ್ಣ ಚುಕ್ಕಿಯಾಗಿಸಿ ಹೊಡೆಯಬೇಕು. ಕಣ್ಣು ಮಿಟುಕಿಸುವ ಮೊದಲೇ ಅಲ್ಲಿ ಚಿನ್ನ ಹೋಗಿ ಪ್ಲಾಸ್ಮಾ, ಅಂದರೆ ಅಣುಗಳೇ ಒಡೆದುಹೋದ ಬಿಸಿ ಅನಿಲ, ಆಗಿರುತ್ತದೆ. ಹಾಳೆಯ ಹಿಂಬದಿಯಿಂದ ಪ್ರೋಟಾನ್‌ಗಳು ಚಿಮ್ಮಿ, ಹಿಂದೆ ಇಟ್ಟ ಫಿಲ್ಮಿನ ಮೇಲೆ ಕಪ್ಪು ಮಚ್ಚೆ ಮೂಡಿಸಬೇಕು. ಎರಡು ವರ್ಷದ ಹಿಂದೆ ಅಂಥದ್ದೊಂದು ಮಚ್ಚೆ ಮೂಡಿತ್ತು. ಅದರ ಬಲದ ಮೇಲೆಯೇ ಅವಳಿಗೊಂದು ಪುಟ್ಟ ತಂಡ ಸಿಕ್ಕಿತು. ಪ್ರೋಟಾನ್ ಬರುವುದು ಚಿನ್ನದ ಒಳಗಿನಿಂದಲೇ ಎಂದು ಎದೆ ತಟ್ಟಿಕೊಂಡು ಪ್ರಬಂಧ ಬರೆದಳು.

ಅದನ್ನೇ ಇನ್ನೊಮ್ಮೆ ತೋರಿಸಿ ಎಂದಿತು ಲ್ಯಾಬಿಗೆ ಹಣ ಕೊಡುವ ಸಮಿತಿ. ಸಿಕ್ಕಿದ್ದು ಎಂಟೇ ಹೊಡೆತ. ಮಚ್ಚೆ ಮೂಡದಿದ್ದರೆ ತಂಡಕ್ಕೆ ಬೀಗ.

ಬಟ್ಟೆ ಮೇಡಂ ಬಿಟ್ಟಾಳೆಯೇ? ಒಂದೊಂದು ಹಾಳೆಯನ್ನೂ ದ್ರಾವಕದಲ್ಲಿ ತೊಳೆದಳು. ಗಾಳಿ ತೆಗೆದ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು, ಹೊಸದಾಗಿ ಬಂದ ಹೀಟರಿನಿಂದ ಕಾಯಿಸಿದಳು. ಸೈರನ್ ಕೂಗಿತು, ‘ಟಪ್’ ಎಂದಿತು, ಫಿಲ್ಮ್ ನೋಡಿದರೆ ಖಾಲಿ. ಎರಡನೆಯದೂ ಖಾಲಿ. ಏಳನೆಯದರ ಹೊತ್ತಿಗೆ ಅವಳ ಮುಖ ಇಂಗು ತಿಂದ ಮಂಗನಂತಾಗಿತ್ತು.

ನಿರ್ವಾತ ಪಂಪು ನೋಡಿಕೊಳ್ಳುವವನನ್ನು ಎಲ್ಲರೂ ಪಂಪಣ್ಣ ಎನ್ನುತ್ತಿದ್ದರು. ಅವನು ಮೆಲ್ಲಗೆ ಹತ್ತಿರ ಬಂದ. “ಮೇಡಂ, ಒಂದ್ ಮಾತು ಹೇಳ್ಲಾ? ಬಯ್ಯಬಾರ್ದು.”

“ಹೇಳಿ ಪಂಪಣ್ಣ.”

“ಹೋದ್ಸಲ ನೀವು ಹೆರಿಗೆ ರಜೆ ಮುಗಿಸಿ ಬಂದಿದ್ರಿ. ಪಾಪ, ನಿದ್ದೆ ಇಲ್ಲ, ಏನಿಲ್ಲ. ಡ್ರಾಯರಲ್ಲಿ ಬಿದ್ದಿದ್ದ ಹಾಳೆನ ತೊಳೀದೆ ಹಾಗೇ ಕೂರಿಸಿದ್ರಿ. ನಾನು ನೋಡ್ದೆ, ಸುಮ್ನಿದ್ದೆ.”

ತೊಳೆಯಲು ತೆಗೆದಿದ್ದ ಎಂಟನೆಯ ಹಾಳೆಯನ್ನು ಅವಳು ಕೆಳಗಿಟ್ಟಳು. ಪ್ರೋಟಾನ್ ಎಂದರೆ ಹೈಡ್ರೋಜನ್ನಿನ ತಿರುಳು. ಶುದ್ಧ ಚಿನ್ನದಲ್ಲಿ ಹೈಡ್ರೋಜನ್ ಎಲ್ಲಿಂದ ಬರಬೇಕು? ಅದು ಇರುವುದು ಜಿಡ್ಡಿನಲ್ಲಿ, ತೇವದಲ್ಲಿ. ಎರಡು ವರ್ಷ ತಾನು ಹಾಡಿ ಹೊಗಳಿದ್ದು ಚಿನ್ನವನ್ನಲ್ಲ, ಅದರ ಬೆನ್ನಿಗಂಟಿದ ಕೊಳೆಯನ್ನು! ನಾಚಿಕೆಯೂ ನಗುವೂ ಒಟ್ಟಿಗೇ ನುಗ್ಗಿ ಬಂದವು. ಕೈಯಲ್ಲಿದ್ದ ಬಟ್ಟೆಯನ್ನು ಪಂಪಣ್ಣನಿಗೆ ಕೊಟ್ಟು, “ಇದನ್ನ ನನ್ ಕೈಗೆ ಸಿಗದ ಹಾಗೆ ಇಟ್ಕೊಳ್ಳಿ” ಎಂದಳು.

ಎಂಟನೆಯದಕ್ಕೆ ಡ್ರಾಯರಿನಲ್ಲಿ ಉಳಿದಿದ್ದ ಹಳೆಯ ಹಾಳೆ. ಹೀಟರ್ ಹಚ್ಚಲಿಲ್ಲ. ಸೈರನ್, ‘ಟಪ್’. ಫಿಲ್ಮಿನ ಮೇಲೆ ದುಂಡಗೆ, ನಾಣ್ಯದಗಲ ಕಪ್ಪು ಮಚ್ಚೆ! ಪಂಪಣ್ಣ ಶಿಳ್ಳೆ ಹೊಡೆದೇ ಬಿಟ್ಟ.

ಆ ಒಂದು ಫಿಲ್ಮನ್ನಷ್ಟೇ ತೋರಿಸಿ ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆಸೆ ಅವಳಿಗೂ ಆಯಿತು, ಅವಳೇನು ದೇವತೆಯಲ್ಲ. ಆದರೂ ಮರುದಿನ ಸಮಿತಿಯ ಮುಂದೆ ಏಳು ಖಾಲಿ ಫಿಲ್ಮುಗಳನ್ನೂ ಸಾಲಾಗಿ ಜೋಡಿಸಿದಳು.

“ನಾನು ಬರೆದಿದ್ದು ತಪ್ಪು ಸರ್. ಪ್ರೋಟಾನ್ ಬರೋದು ಕೊಳೆಯಿಂದ.”

ಅಧ್ಯಕ್ಷರು ಕನ್ನಡಕ ತೆಗೆದರು. “ಅಂದ್ರೆ, ಕೊಳೆ ಮೇಲೆ ಸಂಶೋಧನೆ ಮಾಡೋಕೆ ಇನ್ನೂ ಮೂರು ವರ್ಷ ಕೊಡಿ ಅಂತೀರಾ?”

“ಹೌದು ಸರ್. ಎಷ್ಟು ಕೊಳೆ ಬೇಕು ಅಂತ ಅಳೀಬೇಕಲ್ಲ.”

ಇಡೀ ಕೋಣೆ ಗೊಳ್ಳೆಂದಿತು. ಅಧ್ಯಕ್ಷರು ನಗುತ್ತಲೇ ಸಹಿ ಹಾಕಿದರು. ಆ ಮೂರು ವರ್ಷ ಬೆಳೆದು ಇಪ್ಪತ್ತಾರಾಯಿತು. ಯಾವ ಹಾಳೆಗೆ ಎಷ್ಟು ದಪ್ಪದ ಜಿಡ್ಡಿನ ಲೇಪ ಬೇಕೆಂದು ಬೇರೆ ಲ್ಯಾಬಿನವರೂ ಅವಳನ್ನೇ ಕೇಳುತ್ತಿದ್ದರು. ಮನೆಯಲ್ಲಿ ಮಾತ್ರ ಗಂಡನ ಮೇಜಿಗೆ ಒಂದೇ ಒಂದು ವಾರ ರಜೆ ಸಿಕ್ಕಿತು.

ಅವಳು ನಿವೃತ್ತಳಾದ ದಿನ, ಎಂದೋ ನಿವೃತ್ತನಾಗಿದ್ದ ಪಂಪಣ್ಣ ಕೋಲೂರಿಕೊಂಡು ಬಂದ. ಜೇಬಿನಿಂದ ಮಡಿಸಿದ ಬಟ್ಟೆಯೊಂದನ್ನು ತೆಗೆದ. ಬಿಳಿಯದಾಗಿದ್ದದ್ದು ಕಂದು ಬಣ್ಣಕ್ಕೆ ತಿರುಗಿತ್ತು.

“ನೀವು ಕೊಟ್ಟಿದ್ದು ಮೇಡಂ. ತೊಳೆದಿಲ್ಲ.”

ಅವಳ ಕಣ್ಣು ತುಂಬಿ ಬಂದವು. ಆ ಕೊಳಕು ಬಟ್ಟೆಯಲ್ಲೇ ಒರೆಸಿಕೊಂಡಳು.